ಬಾಜೂ ಬಾಗಿಲದಾಗ ಮಾರಿದ ವೈನು

ನನ್ನ ತಂಗಿ ಮಗಳು ಸುಮಿತ್ರಾಗ ಹೋದ ತಿಂಗಳ ಲೈಸನ್ಸ್ ಬಂತು. ವಾಡಿದಾಗ ಅಂಗಡಿ ಹಾಕ್ತಾಳಂತ. ಪೇಡಾ ತಗೊಂಡು ಬಂದು ಕಾಲಿಗಿ ಬಿದ್ದು, "ದೊಡ್ಡವ್ವ, ನೀ ಇಪ್ಪತ್ತೈದು ವರ್ಷ ಈ ಧಂಧಾ ಮಾಡೀದಿ. ನನಗ ಉಪಯೋಗ ಆಗೋದು ನಾಕು ಮಾತು ಬರದು ಕೊಡು" ಅಂದಳು. ಬಾಯಿಲೆ ಹೇಳ್ತೀನಿ ಅಂದ್ರ ಕೇಳಲಿಲ್ಲ. "ಬಾಯಿಲೆ ಹೇಳಿದ್ರ ನೀ ಬೈತಿ. ಬರದ್ರ ಬೈಗಳ ಕಮ್ಮಿ ಇರ್ತಾವ" ಅಂತ. ಸುಮಿ, ಬರವಣಗ್ಯಾಗೂ ಬೈತೀನಿ, ತಯಾರಿರು.

ನನ್ನ ಹೆಸರು ಚಂದಮ್ಮ, ಊರು ಶಾಹಾಬಾದ. ನಾವು ಈಡಿಗರು, ಈಚಲ ಗಿಡದಿಂದ ಸೇಂದಿ ಇಳಸೋದು ನಮ್ಮ ಮನತನದ ಉದ್ಯೋಗ. ನಮ್ಮ ಮನಿಯವ್ರು ಚಿತ್ತಾಪುರ ಕಡಿ ಸೇಂದಿ ಗುತ್ತಿಗಿ ಹಿಡೀತಿದ್ರು. ಶಾಹಾಬಾದದಾಗ ಕಾರ್ಖಾನಿಗಳು ದೊಡ್ಡವು ಆದಂಗ ಎಲ್ಲೆಲ್ಲಿಂದಲೋ ಇಂಜಿನಿಯರು, ಸಾಹೇಬ್ರು ಬರ್ಲಿಕತ್ತಿದ್ರು. ಅವರಿಗಿ ಸೇಂದಿ ನಡೀತದೇನು? ಅದಕ್ಕ ಇವ್ರು ವಿಲಾಯತಿ ಮಾಲಿನ ಲೈಸನ್ಸಿಗಿ ಅರ್ಜಿ ಹಾಕಿದ್ರು. ಲೈಸನ್ಸ್ ಬರೂದ್ರಾಗ ವಿಷಮಜ್ವರ ಬಂತು, ಹದಿನೈದು ದಿನದಾಗ ಇವ್ರು ಹೋದ್ರು. ನನಗಾಗ ಇಪ್ಪತ್ತೇಳು ವರ್ಷ, ಬಗಲಾಗ ಒಂದು ಹೆಣ್ಣುಕೂಸು.

ಮೈದುನ ಬಂದು, "ವೈನಿ, ಲೈಸನ್ಸ್ ನನ್ನ ಹೆಸರಲೆ ಮಾಡ್ರಿ. ಹೆಣ್ಣುಮಗಳು ಬಾಟ್ಲಿ ಮಾರ್ತಾಳಂದ್ರ ಊರು ಉಗುಳ್ತದ" ಅಂದ.

"ಊರು ಕುಡೀತದ, ನಾ ಮಾರ್ತೀನಿ. ನಡುವ ಉಗುಳೋದು ಯಾಕ ಬೇಕಾಗ್ಯಾದ?" ಅಂದೆ.

ಅಬಕಾರಿ ಇನ್ಸ್‌ಪೆಕ್ಟರ್ ಬಿರಾದಾರ ಸಾಹೇಬ್ರು ಅಂತ ಇದ್ರು. ದಪ್ಪ ಮೀಸಿ, ಸಣ್ಣ ದನಿ. ಅವ್ರ ಮುಂದ ಹೋಗಿ ನಿಂತೆ. "ನೋಡ್ರಿ ಅಮ್ಮ, ಕಾಯ್ದೆದಾಗ ಹೆಣ್ಣಮಕ್ಕಳಿಗಿ ಕೊಡಬಾರದು ಅಂತ ಎಲ್ಲೂ ಬರದಿಲ್ಲ. ನೀವು ನಡಸ್ತೀನಿ ಅಂದ್ರ ನಡಸ್ರಿ. ಆದ್ರ ಗಂಡಸಿನ ಅಂಗಡ್ಯಾಗ ತಪ್ಪಾದ್ರ ನಾ ನೋಟೀಸ್ ಕೊಡ್ತೀನಿ, ನಿಮ್ಮ ಅಂಗಡ್ಯಾಗ ತಪ್ಪಾದ್ರ ಬೀಗ ಹಾಕಬೇಕಾಗ್ತದ. ಇಲ್ಲಂದ್ರ ಮಂದಿ ನನಗ ಬಿಡಂಗಿಲ್ಲ" ಅಂದ್ರು. ಅದರಾಗ ಧಮಕಿ ಇರಲಿಲ್ಲ, ಇದ್ದದ್ದು ಇದ್ದಂಗ ಹೇಳಿದ್ರು. ಅದಕ್ಕೇ ಆ ಮಾತು ಎದಿದಾಗ ಮೊಳಿ ಹೊಡದಂಗ ಕುಂತುಬಿಡ್ತು. ಮುಂದ ಇಪ್ಪತ್ತೈದು ವರ್ಷ ಅಂಗಡಿ ಮುಂದ ಜೀಪು ನಿಂತ ಸಪ್ಪಳ ಆದ್ರ ಸಾಕು, ಕುಂಬಳಕಾಯಿ ಕಳ್ಳನಂಗ ಹೆಗಲು ಮುಟ್ಟಿ ನೋಡ್ಕೋತಿದ್ದೆ. ಕದ್ದಿರಲಿಲ್ಲ, ಆದ್ರೂ ಮುಟ್ಟಿ ನೋಡ್ಕೋತಿದ್ದೆ.

ಮಾಲು ತರೋದು ಹೈದರಾಬಾದದಿಂದ. ಸಣ್ಣಾಕಿ ಇದ್ದಾಗ ಹೈದರಾಬಾದ ನಮ್ಮದೇ ರಾಜಧಾನಿ. ರಾಜ್ಯ ಒಡದು ನಾವು ಮೈಸೂರಿಗಿ ಸೇರಿದ ಮ್ಯಾಲ ಅದು ಪರರಾಜ್ಯ ಆಯ್ತು. ಅದೇ ರೈಲು, ಅದೇ ಸ್ಟೇಷನ್ನು, ಅದೇ ಚಾ ಮಾರವ. ನಡುವ ಒಂದು ಕಾಗದ ಹುಟ್ಟಿತು, ಅದಕ್ಕ ಆಮದು ಪರ್ಮಿಟ್ ಅಂತಾರ. ಆ ಪರ್ಮಿಟ್ಟಿಗಿ ಒಂದು ಕೊನಿ ದಿನ ಇರ್ತದ. ಅದರೊಳಗ ಮಾಲು ಅಂಗಡಿ ಮುಟ್ಟಲಿಲ್ಲಂದ್ರ ಅದು ಕಳ್ಳಮಾಲು. ಮಾಲು ವಾಡಿ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನಾಗ ಇಳೀತಿತ್ತು. ಅಲ್ಲಿ ಒಮ್ಮೊಮ್ಮೆ ಮೂರು ದಿನ ಕೇಳವರಿಲ್ಲದೆ ಬಿದ್ದಿರ್ತಿತ್ತು. ನಾ ಇಲ್ಲಿ ಕ್ಯಾಲೆಂಡರ್ ನೋಡ್ಕೋತ ಒಂದು ತುತ್ತು ಉಣ್ಣಲಿಕ್ಕಾಗದೆ ಕುಂದರತಿದ್ದೆ.

ಮೊದಲ ಸಲ ನಾನೇ ಬಿಡಿಸಿಕೊಂಡು ಬರಲಿಕ್ಕ ಹೋದೆ. ಗೂಡ್ಸ್ ಬಾಬು ಕಾಗದ ತಿರುವಿ ಹಾಕಿ, "ಮಾಲಕರಿಗಿ ಕಳಸ್ರಿ" ಅಂದ.

"ಮಾಲಕರು ಸ್ವರ್ಗದಾಗ ಅರ. ಪರ್ಮಿಟ್ ನನ್ನ ಹೆಸರಲೆ ಅದ. ಯಾರಿಗಿ ಕರೀಲಿ, ಹೇಳ್ರಿ?"

ಅವ ಕಾಗದ ನೋಡಿದ, ನನ್ನ ಮಾರಿ ನೋಡಿದ, ಮತ್ತ ಕಾಗದ ನೋಡಿದ. ಆಮ್ಯಾಲ ಎದ್ದು ತನ್ನ ಕುರ್ಚಿನೇ ನನಗ ಕೊಟ್ಟ. "ಕುಂದ್ರಿ ಬಾಯಿ, ಚಾ ಕುಡೀರಿ" ಅಂದ. ಸುಮಿ, ಮಂದಿ ಎಲ್ಲಾ ಕೆಟ್ಟವ್ರು ಇರಂಗಿಲ್ಲ. ಆದ್ರ ಕಾಗದ ಮೊದಲು ತೋರಸು, ಮಾತು ಆಮ್ಯಾಲ ಆಡು.

ನನಗ ಸೇಂದಿ ಗೊತ್ತಿತ್ತು, ವೈನು ಗೊತ್ತಿರಲಿಲ್ಲ. ಸೇಂದಿ ಮಡಿಕಿ ಸಾಲಾಗಿ ನಿಂದ್ರಿಸಿದಂಗ ವೈನಿನ ಬಾಟ್ಲಿನೂ ಹಲಗಿ ಮ್ಯಾಲ ನಿಂದ್ರಿಸಿದೆ. ಶಾಹಾಬಾದದ ಬ್ಯಾಸಗಿ, ಮ್ಯಾಲ ಕಲ್ಲು ಹೊದಿಸಿದ ಮಾಳಗಿ. ಎರಡು ತಿಂಗಳದಾಗ ಬಿರಡಿ ಒಣಗಿ ಸಣ್ಣ ಆದ್ವು, ಗಾಳಿ ಒಳಗ ಹೋಯ್ತು. ನಮ್ಮಲ್ಲಿ ಚರ್ಚಿನ ಫಾದರು ಪೂಜಾಕ್ಕ ವೈನ್ ಒಯ್ತಿದ್ರು. ಅವ್ರು ಬಾಟ್ಲಿ ವಾಪಸ್ ತಂದು, "ಅಮ್ಮ, ಇದು ದೇವರಿಗಿ ಆಗಂಗಿಲ್ಲ, ಉಪ್ಪಿನಕಾಯಿಗಿ ಆಗ್ತದ" ಅಂದ್ರು. ನಕ್ಕೋತ ಅಂದ್ರು ಪಾಪ. ನಾ ಒಳಗ ಹೋಗಿ ಅತ್ತೆ.

ನನಗ ಸಗಟು ಮಾಲು ಕೊಡೋ ಹೈದರಾಬಾದದ ಠೋಕ್ ವ್ಯಾಪಾರಿ ರುಸ್ತುಂ ಸೇಠ ಅಂತ ಒಬ್ಬ ಮುದುಕ ಪಾರ್ಸಿ. ನನ್ನ ಕತಿ ಕೇಳಿ ಹಣಿ ಬಡಕೊಂಡ. "ಬೇಟೀ, ವೈನ್ ಕೋ ಸುಲಾನಾ ಪಡ್ತಾ!" ಅಂದ. ವೈನಿಗಿ ಮಲಗಿಸಬೇಕಂತ. ಮಲಗಿದ್ರ ಬಿರಡಿ ತೊಯ್ದು ಉಬ್ಬಿರ್ತದ. ಅವನ ಹತ್ರಾನೇ ಮೂರು ದಿನ ಕುಂತು ಕಲತೆ. ಚೂರು ಬಾಯಾಗ ಹಾಕೊಂಡು, ನಾಲಿಗಿ ಮ್ಯಾಲ ತಿರುವಿ, ಉಗುಳಿ, ಇದು ಚೊಲೋ ಅದ, ಇದು ಹುಳಿ ಹತ್ತ್ಯಾದ ಅಂತ ಹೇಳೋದು. ಜನ್ಮದಾಗ ಒಂದು ಗುಟುಕು ನುಂಗಿಲ್ಲ, ಉಗುಳಿದ್ದು ಮಾತ್ರ ಕೊಡಗಟ್ಟಲೆ ಇರಬಹುದು. ಬೀಗರ ಮನಿಗಿ ಹೋಗೂ ಮುಂದ ಬಾಯಾಗ ಲವಂಗ ಇಟ್ಕೋತಿದ್ದೆ.

ಸೇಠ ಇನ್ನೊಂದು ಕಲಿಸಿದ. ನಮ್ಮ ಕಡಿ ಬಿಸಿಲಿಗಿ ಬರೇ ಮಲಗಿಸಿದ್ರ ಸಾಲದು, ಬಿರಡಿ ಮ್ಯಾಲ ಅರಗಿನ ಮೊಹರು ಮಾಡಬೇಕು. ಸ್ಪಿರಿಟ್ ದೀಪದ ಮ್ಯಾಲ ಕಬ್ಬಿಣದ ಹುಟ್ಟಿನಾಗ ಅರಗು ಕರಗಿಸಿ, ಬಾಟ್ಲಿ ತಲಿಕೆಳಗ ಮಾಡಿ ಕುತ್ತಿಗಿ ಅದ್ದಿ ತಗೀಬೇಕು. ಕಾಯ್ದೆ ಪ್ರಕಾರ ಬಂದ ಬಾಟ್ಲಿ ಮುಟ್ಟಬಾರದು. ಆದ್ರ ಮುಟ್ಟದಿದ್ರ ವೈನ್ ಉಳಿಯಂಗಿಲ್ಲ. ಬಿರಾದಾರ ಸಾಹೇಬ್ರು ಕಂಡೂ ಕಾಣದಂಗ ಇರ್ತಿದ್ರು. "ಮೊಹರು ಮಾಡೂ ಮುಂದ ಚಿತ್ತ ಬ್ಯಾರೆ ಕಡಿ ಇಡಬ್ಯಾಡ ಬೇಟೀ" ಅಂತ ಸೇಠ ಹೇಳಿದ್ದ. ಹೂಂ ಅಂದಿದ್ದೆ. ಕೇಳೋದು ಬ್ಯಾರೆ, ಪಾಲಸೋದು ಬ್ಯಾರೆ.

ಇನ್ನ ಬಾಜೂ ಬಾಗಿಲದ ಮಾತು. ಮುಂದಿನ ಬಾಗಿಲದಾಗ ಗಂಡಸರು ಬರ್ತಿದ್ರು, ರಮ್ಮು ಬ್ರಾಂದಿ ಒಯ್ತಿದ್ರು. ಆ ಕಾಲಕ್ಕ ಬಾಣಂತಿಗಿ ಮೈ ತುಂಬಲಿ, ರಕ್ತ ಬರಲಿ ಅಂತ ಡಾಕ್ಟರರೇ ಪೋರ್ಟ್ ವೈನ್ ಬರದು ಕೊಡ್ತಿದ್ರು, ದಿನಾ ಎರಡು ಚಮಚ. ಆ ಚೀಟಿ ತಗೊಂಡ ಹೆಣ್ಣಮಕ್ಕಳು ಬಾಟ್ಲಿ ಅಂಗಡಿ ಮುಂದ ಹ್ಯಾಂಗ ನಿಂದರಬೇಕು? ಅದಕ್ಕ ಓಣಿ ಕಡಿ ಒಂದು ಸಣ್ಣ ಬಾಗಿಲು ಮಾಡಿಸಿದೆ. ತಲಿ ಮ್ಯಾಲ ಸೆರಗು, ಇಲ್ಲಾ ಬುರ್ಖಾ. ಒಂದು ಕೈ ಒಳಗ ಬರ್ತಿತ್ತು, ನಾ ಹಳಿ ಸೀರಿ ತುಂಡಿನಾಗ ಸುತ್ತಿ ಬಾಟ್ಲಿ ಕೊಡ್ತಿದ್ದೆ. ಹೆಸರು ಕೇಳತಿದ್ದಿಲ್ಲ, ಊರು ಕೇಳತಿದ್ದಿಲ್ಲ, ಮಾರಿ ನೋಡತಿದ್ದಿಲ್ಲ. ಅದು ಆ ಬಾಗಿಲದ ರಿವಾಜು. ಒಬ್ಬಾಕಿ ಒಮ್ಮೆ, "ಅಕ್ಕಾ, ನನಗ ಯಾರೂ ಏನೂ ಕೇಳದ ಜಾಗಾ ಅಂದ್ರ ಊರಾಗ ಇದೊಂದೇ" ಅಂದಿದ್ದಳು. ಆ ಮಾತಿಗಿ ನನಗ ಭಾಳ ಹೆಮ್ಮಿ ಅನಸಿತ್ತು. ಹೆಮ್ಮಿ ಪಟ್ಟದ್ದಕ್ಕ ಮುಂದ ಸರಿಯಾಗೇ ಅನುಭವಿಸಿದೆ.

ಬ್ಯಾಸಗಿ ಶುರು ಆಗಿತ್ತು. ಪೋರ್ಟಿನ ಒಂದು ಪೆಟ್ಟಿಗಿ ಬಂದಿತ್ತು, ಪೆಟ್ಟಿಗಿಗಿ ಹನ್ನೆರಡು ಬಾಟ್ಲಿ. ಮಂಗಳವಾರ ಮುಂಜಾನಿ ಮೊಹರು ಮಾಡ್ಕೋತ ಕುಂತೆ. ಸ್ಪಿರಿಟ್ಟಿನ ಡಬ್ಬಿ ಸೋರ್ತಿತ್ತಂತ ಹಿಂದಿನ ದಿನಾನೇ ಅದನ್ನ ಒಂದು ಖಾಲಿ ಪೋರ್ಟ್ ಬಾಟ್ಲಿಗಿ ಸುರುವಿ, ಬಿರಡಿ ಬಡದು ಇಟ್ಟಿದ್ದೆ. ದೀಪಕ್ಕ ಒಂದೀಟು ಹಾಕಿ ಪಕ್ಕಕ್ಕ ಇಟ್ಟೆ. ಬಾಟ್ಲಿ ಮ್ಯಾಲಿನ ಚೀಟಿ ಹರದಿದ್ದಿಲ್ಲ. ಕರಿ ಬಾಟ್ಲಿ, ಒಳಗಿಂದು ಏನು ಅಂತ ಕಾಣಂಗಿಲ್ಲ. ಸುಮಿ, ಇಲ್ಲಿ ತನಕ ಓದಿ ನಿನಗ ತಿಳದಿರಬೇಕು. ನನಗ ಆವತ್ತು ತಿಳೀಲಿಲ್ಲ.

ಅದೇ ಹೊತ್ತಿಗಿ ಮೈದುನ ಬಂದ. ಬಾಗಿಲದಾಗ ನಿಂತು, "ಈ ವರ್ಷಾದ್ರೂ ಲೈಸನ್ಸ್ ನನ್ನ ಹೆಸರಿಗಿ ಮಾಡ್ತೀರೋ ಇಲ್ಲೋ, ಬಿರಾದಾರರಿಗಿ ನಾನೇ ಅರ್ಜಿ ಕೊಡ್ತೀನಿ" ಅಂತ ಶುರು ಮಾಡಿದ. ನಾ ಕುಂತಲ್ಲಿಂದಲೇ ಜವಾಬು ಕೊಟ್ಟೆ. ಅವ ಒಂದಂದ್ರ ನಾ ಎರಡು. ಬಾಯಿ ಅವನ ಕಡಿ, ಕೈ ಬಾಟ್ಲಿ ಕಡಿ. ಎತ್ತು, ಅದ್ದು, ಇಡು. ಎತ್ತು, ಅದ್ದು, ಇಡು. ಅವ ಹೋಗೂದ್ರಾಗ ಕೆಲಸ ಮುಗದಿತ್ತು. ಎಲ್ಲಾ ಬಾಟ್ಲಿ ಹಲಗಿ ಮ್ಯಾಲ ಮಲಗಿಸಿ, ನೀರು ಕುಡದು, ಮನಸ್ಸಿನಾಗೇ ಅವನಿಗಿ ಇನ್ನ ನಾಕು ಬೈದೆ.

ಶುಕ್ರವಾರ ಮುಂಜಾನಿ ಮತ್ತ ದೀಪ ಹಚ್ಚಬೇಕಾಗಿತ್ತು. ಸ್ಪಿರಿಟ್ ಬಾಟ್ಲಿ ಎಲ್ಲದ? ಮೇಜಿನ ಕೆಳಗ ಇಲ್ಲ, ಕಿಡಕ್ಯಾಗ ಇಲ್ಲ, ಹಿತ್ತಲದಾಗ ಇಲ್ಲ. ಹುಡುಕಿ ಹುಡುಕಿ ಕಣ್ಣು ಹಲಗಿ ಮ್ಯಾಲ ಹೋಯ್ತು. ಮೂರು ದಿನದಾಗ ಪೋರ್ಟು ಐದು ಮಾರಿದ್ದೆ. ಹನ್ನೆರಡರಾಗ ಐದು ಹೋದ್ರ ಏಳು ಇರಬೇಕು. ಎಂಟು ಮಲಗಿದ್ವು.

ಮತ್ತೊಮ್ಮೆ ಬೆರಳಿಟ್ಟು ಎಣಿಸಿದೆ, ಎಂಟೇ. ಹದಿಮೂರು ಬಾಟ್ಲಿಗಿ ಮೊಹರು ಮಾಡಿದ್ದೆ.

ವಾಡಿ ಯಾರ್ಡಿನಾಗ ಒಬ್ಬ ಗ್ಯಾಂಗಮನ್ ಇಂಥದೇ ಸ್ಪಿರಿಟ್ ಕುಡದು ಎರಡೂ ಕಣ್ಣು ಕಳಕೊಂಡಿದ್ದ. ನಾನೇ ಕಂಡಿದ್ದೆ. ಗಟ್ಟಿ ಗಂಡಸಿಗಿ ಹಂಗಾದ್ರ ಹಸಿ ಬಾಣಂತಿ ಗತಿ ಏನು? ಅದರ ಹಾಲು ಕುಡಿಯೋ ಕೂಸಿನ ಗತಿ ಏನು? ವಾಸನಿಲೆ ಗುರುತು ಹಿಡೀತಾರ ಅನ್ನಂಗೂ ಇಲ್ಲ. ಜನ್ಮದಾಗ ವೈನ್ ಮೂಸಿ ನೋಡದವ್ರು, ಔಷಧ ಅಂದ್ರ ಹಿಂಗೇ ನಾರ್ತದ ಅಂತ ಮೂಗು ಹಿಡದು ಕುಡಸ್ತಾರ.

ಹುಚ್ಚಿ ಹಂಗ ಎಂಟೂ ಬಾಟ್ಲಿ ಮೊಹರು ಒಡದು ಮೂಸಿ ನೋಡಿದೆ. ಎಂಟೂ ಪೋರ್ಟು. ಹಂಗಾದ್ರ ಸ್ಪಿರಿಟ್ಟು ಮಾರಿದ ಐದರಾಗ ಹೋಗ್ಯಾದ. ಒಂದು ಚರ್ಚಿನ ಫಾದರಿಗಿ ಕೊಟ್ಟಿದ್ದೆ, ಒಂದು ದವಾಖಾನಿ ನರ್ಸಮ್ಮಗ. ಚಪ್ಪಲಿ ಹಾಕೊಳ್ಳದೆ ಎರಡೂ ಕಡಿ ಓಡಿ ಹೋಗಿ ಒಡದು ನೋಡಿದೆ. ಎರಡೂ ಪೋರ್ಟು. ಉಳಿದ ಮೂರು ಬಾಜೂ ಬಾಗಿಲದಾಗ ಹೋಗಿದ್ವು. ಮೂರು ಕೈ ನೆನಪಿದ್ವು, ಒಂದು ಹೆಸರು ಗೊತ್ತಿದ್ದಿಲ್ಲ.

ಶಾಹಾಬಾದದಾಗ ಅರ್ಧ ಊರಿನ ಬಾಣಂತನ ಮಾಡಿದಾಕಿ ರಹಮತ್‌ಬೀ ದಾಯಿ. ನನ್ನ ಮಗಳು ಹುಟ್ಟಿದ್ದೂ ಆಕಿ ಕೈಯಾಗೇ. ಆಕಿ ಮನಿಗಿ ಹೋಗಿ ಎಲ್ಲಾ ಹೇಳಿದೆ. "ಬೂಬೂ, ಈಗ ಯಾರ್ಯಾರ ಮನ್ಯಾಗ ಬಾಣಂತಿ ಅರ, ಹೇಳು" ಅಂತ ಕೈ ಹಿಡಕೊಂಡೆ.

"ಯಾ ಅಲ್ಲಾ! ಕ್ಯಾ ಕರೀ ಗೇ ತೂ!" ಏನು ಮಾಡಿ ಕುಂತೀದಿ ಅಂತ ಎದಿ ಮ್ಯಾಲ ಕೈ ಇಟ್ಕೊಂಡಳು. ಆಮ್ಯಾಲ, "ಯಾರ ಮನಿ ಅಂತ ನಾ ಹೇಳಂಗಿಲ್ಲ. ಅದು ನನ್ನ ಇಮಾನು. ನಾನೇ ಹೋಗಿ ನೋಡಿ ಬರ್ತೀನಿ, ನೀ ಅಂಗಡಿಗಿ ಹೋಗು, ಅಲ್ಲಿಂದ ಕದಲಬ್ಯಾಡ" ಅಂದು ಬುರ್ಖಾ ಹಾಕೊಂಡು ಹೊಂಟಳು.

ಒಂದೂವರಿ ತಾಸಿಗಿ ಬಂದಳು. ಬುರ್ಖಾದ ಒಳಗಿಂದ ಒಂದು ಬಾಟ್ಲಿ ತಗದು ಇಟ್ಟಳು. ಒಡದು ನೋಡಿದೆ, ಪೋರ್ಟು. ಇನ್ನೂ ಎರಡು.

"ನನ್ನ ಕೈಯಾಗಿನ ಬಾಣಂತಿಯರ ಮನಿ ಎಲ್ಲಾ ನೋಡಿ ಮುಗೀತು ಚಂದಮ್ಮ. ಇನ್ನೆರಡು ಹಳ್ಳಿಯವ್ರು ಒಯ್ದಿರಬೇಕು. ಭಂಕೂರೋ ತೆಂಗಳಿಯೋ ಖುದಾಗೇ ಗೊತ್ತು. ಸಿನೆಮಾ ಟಾಂಗಾ ಕರಸು. ಭೋಂಗಾದಾಗ ಸಾರಿ ಹೇಳಸು" ಅಂದಳು.

ಹೊಸ ಸಿನೆಮಾ ಬಂದಾಗ ಟಾಂಗಾಕ್ಕ ಮೈಕಿನ ಭೋಂಗಾ ಕಟ್ಟಿ ಓಣಿ ಓಣಿ ಸಾರತಿದ್ರು. ಅದು ಸರಿಯಾದ ಮಾತೇ ಆಗಿತ್ತು. ಆದ್ರ ಸುಮಿ, ಇಲ್ಲಿ ನಾ ನಿನಗ ಸುಳ್ಳು ಬರಿಯಂಗಿಲ್ಲ. ನಾ ಗಪ್ಪನ ಕುಂತೆ. ಭೋಂಗಾದಾಗ ಸಾರಿದ್ರ ಬಿರಾದಾರ ಸಾಹೇಬ್ರ ಕಿವಿಗೂ ಬೀಳ್ತದ. ಮಾರೋ ಅಂಗಡ್ಯಾಗ ಸ್ಪಿರಿಟ್ಟು, ಅದಕ್ಕ ಪೋರ್ಟಿನ ಚೀಟಿ, ಮ್ಯಾಲ ನನ್ನ ಕೈಯಾರ ಮೊಹರು. ಬೀಗ ಅಲ್ಲ, ಜೇಲು. ಮೈದುನ ಬಾಯಿ ತಗದು ಕಾಯಲಿಕತ್ತಾನ. ಮಗಳಿಗಿ ಏನು ಉಣಸ್ಲಿ? ಯಾರಿಗ್ಗೊತ್ತು, ಆಕಿ ಇನ್ನೂ ಮೊಹರು ಒಡದಿರಲಿಕ್ಕಿಲ್ಲ, ಒಡದ್ರೂ ವಾಸನಿಗಿ ಚೆಲ್ಲಿರಬಹುದು. ಅತ್ತ ದರಿ, ಇತ್ತ ಪುಲಿ. ಹಿಂಗ ಒಂದು ತಾಸು ಕುಂತೆ. ಒಂದು ತಾಸು! ಆ ತಾಸಿನಾಗ ಎರಡು ಚಮಚ ಕುಡಸಲಿಕ್ಕ ಎಷ್ಟು ಹೊತ್ತು ಬೇಕು?

ರಹಮತ್‌ಬೀ ಸಿಟ್ಟಿಲೆ ಎದ್ದು ನಿಂತಳು. "ಆ ತಾಯಿ ಸತ್ರ ನಿನ್ನ ಲೈಸನ್ಸು ಬಂದು ಆ ಕೂಸಿಗಿ ಹಾಲು ಕುಡಸ್ತದೇನು?" ಅಂದಳು.

ಟಾಂಗಾ ಕರಸಿದೆ. ಹನ್ನೆರಡಕ್ಕ ಭೋಂಗಾ ಹೊಂಟಿತು. "ಚಂದಮ್ಮನ ಅಂಗಡಿ ಬಾಜೂ ಬಾಗಿಲದಾಗ ಈ ವಾರ ಯಾರು ಬಾಟ್ಲಿ ತಗೊಂಡೀರಿ, ಕುಡೀಬ್ಯಾಡ್ರಿ, ಕುಡಸಬ್ಯಾಡ್ರಿ, ಅದರಾಗ ವಿಷ ಅದ, ವಾಪಸ್ ತರ್ರಿ" ಅಂತ ಕನ್ನಡದಾಗ ಒಮ್ಮೆ, ಉರ್ದುದಾಗ ಒಮ್ಮೆ. ಸ್ಟೇಷನ್ನು, ಬಜಾರ, ಕಲ್ಲಿನ ಖಣಿ ಓಣಿಗಳು. ಮುಂದಿನ ಬಾಗಿಲದಾಗ ಮಂದಿ ಜಮಾ ಆಗಿ ನನಗ ನೋಡಲಿಕತ್ತಿದ್ರು. ಕೆಲವರು ನಗತಿದ್ರು, ಕೆಲವರು ಬೈತಿದ್ರು. ನಾ ಬಾಜೂ ಬಾಗಿಲದ ಹೊಸ್ತಿಲ ಮ್ಯಾಲ ಕುಂತು ಓಣಿ ನೋಡ್ಕೋತ, ಬಾ ತಾಯಿ, ಬಾ ತಾಯಿ ಅಂತಿದ್ದೆ. ಯಾವ ದೇವರ ಹೆಸರು ತಗೊಂಡೆ, ಯಾವುದು ಬಿಟ್ಟೆ, ನೆನಪಿಲ್ಲ.

ಎರಡಕ್ಕ ಒಬ್ಬ ಮುದುಕಿ ಓಡ್ಕೋತ ಬಂದಳು. ಬೆವರು ಸುರೀತಿತ್ತು, ಸೆರಗು ಜಾರಿತ್ತು. ಭಂಕೂರದಾಕಿ. ಸೊಸಿ ಬಾಣಂತಿ, ಅಂಟು ಉತ್ತತ್ತಿ ತರಲಿಕ್ಕಂತ ಶಾಹಾಬಾದ ಬಜಾರಿಗಿ ಬಂದಾಗ ಭೋಂಗಾ ಕೇಳ್ಯಾಳ. ಅಂಟು ಉತ್ತತ್ತಿ ಅಲ್ಲೇ ಬಿಟ್ಟು ಊರಿಗಿ ಓಡ್ಯಾಳ, ಬಾಟ್ಲಿ ತಗೊಂಡು ಮತ್ತ ಓಡಿ ಬಂದಾಳ. ಸೀರಿ ತುಂಡು ಬಿಚ್ಚಿ ನೋಡಿದೆ. ಮೊಹರು ಒಡದಿದ್ದಿಲ್ಲ.

"ಕುಡಿಸಿಲ್ಲೇನವ್ವ?"

"ಐದನೇ ದಿನದ ತನಕ ಕಾವಿನ ಪದಾರ್ಥ ಕೊಡಂಗಿಲ್ಲ ನಮ್ಮಲ್ಲಿ. ನಾಳಿಗಿ ಐದು" ಅಂದಳು.

ಅರಗು ಒಡದು ಬಿರಡಿ ಕಿತ್ತೆ. ಮೂಗಿನ ತನಕ ತರೋದೇ ಬೇಕಾಗಲಿಲ್ಲ, ಸ್ಪಿರಿಟ್ಟಿನ ವಾಸನಿ ಗಪ್ ಅಂತ ಹೊಡೀತು. ಯವ್ವಾ! ನಾ ನಕ್ಕೆನೋ ಅತ್ತೆನೋ ಗೊತ್ತಿಲ್ಲ. "ಇದೇ ಅದ, ಇದೇ ಅದ ಬೂಬೂ" ಅಂತ ರಹಮತ್‌ಬೀಗ ಅಪ್ಪಿಕೊಂಡೆ. ಮುದುಕಿ ನನಗ ನೋಡ್ಕೋತ ನಿಂತಿದ್ದಳು. "ನಾಳಿಗಿ ನನ್ನ ಕೈಯಾರ ಕುಡಸ್ತಿದ್ನಲ್ಲ" ಅಂದು ನನ್ನ ಕಪಾಳಕ್ಕ ಫಟ್ ಅಂತ ಒಂದು ಬಿಟ್ಟಳು. ಆಮ್ಯಾಲ ಆಕಿನೇ ಅಳ್ಕೋತ ಕುಂತಳು. ಆ ಏಟು ಎಷ್ಟು ಹಿತ ಅನಸಿತು ಅಂದ್ರ ಇನ್ನೊಂದು ಕೊಡು ಅನ್ನಂಗಿದ್ದೆ.

ಮೂರಕ್ಕ ಜೀಪು ಬಂತು. ಬಿರಾದಾರ ಸಾಹೇಬ್ರು ಒಳಗ ಬಂದು ಬಾಟ್ಲಿ ನೋಡಿದ್ರು, ದೀಪ ನೋಡಿದ್ರು, ನನ್ನ ಬಾತಿದ ಗಲ್ಲ ನೋಡಿದ್ರು. ನಾ ಮಂಗಳವಾರದಿಂದ ಶುರು ಮಾಡಿ ಎಲ್ಲಾ ಹೇಳಿದೆ. ಬರಕೊಂಡ್ರು. ಹೇಳಿಕಿ ಬರಿಯೂ ಮುಂದ ದೂರದಾಗ ಭೋಂಗಾ ಕೇಳಸಲಿಕತ್ತಿತ್ತು. ಅದನ್ನ ನಿಂದ್ರಿಸಬೇಕಲ್ಲ ಅಂತ ಒಮ್ಮೆ ಅನಸಿತು. ಸಿಕ್ಕಿದ ಮ್ಯಾಲ ಇನ್ನೇನು, ಸಂಜಿ ತನಕ ರೊಕ್ಕ ಕೊಟ್ಟೀನಿ, ತಿರಗಲಿ ಬಿಡು ಅಂದ್ಕೊಂಡೆ. ಮನಸ್ಸು ಹತ್ತಿ ಹಂಗ ಹಗುರ ಆಗಿತ್ತು.

ಲೈಸನ್ಸಿನ ಕತಿ ಮೊದಲು ಹೇಳಿ ಮುಗಸ್ತೀನಿ. ಸಾಹೇಬ್ರು ಹೇಳಿದಂಗೇ ಬೀಗ ಹಾಕಿದ್ರು. ವಿಚಾರಣಿ ನಡೀತು. ಭಂಕೂರದ ಮುದುಕಿಗೂ ಕರಸಿದ್ರು. ಆಕಿ, "ಸಾಹೇಬ್ರ, ಆಕಿಗಿ ನಾ ಹೊಡದೀನಿ, ಶಿಕ್ಷಾ ಆಗಿಬಿಟ್ಟದ. ಒಂದು ತಪ್ಪಿಗಿ ಎರಡು ಸಲ ಹೊಡೀಬ್ಯಾಡ್ರಿ" ಅಂದಳಂತ. ದಂಡ ಕಟ್ಟಿಸಿಕೊಂಡ್ರು, ಎರಡು ತಿಂಗಳು ಬೀಗ ಇತ್ತು, ಮೊಹರು ಮಾಡೋದು ಪೂರ್ತಿ ಬಂದ್ ಮಾಡಿಸಿದ್ರು. ಬಾಗಿಲು ತೆರದ ದಿನ ಬಿರಾದಾರ ಸಾಹೇಬ್ರು ತಾವೇ ಬಂದು, "ಅಮ್ಮ, ನೀವು ಸಾರದೇ ಗಪ್ಪನ ಕುಂತಿದ್ರ ನಾ ನಿಮಗ ಜೇಲಿಗಿ ಕಳಸ್ತಿದ್ದೆ" ಅಂದ್ರು. ನಾ ಕುಂತ ಆ ಒಂದು ತಾಸಿನ ವಿಷಯ ಅವರಿಗಿ ಹೇಳಲಿಲ್ಲ. ಈಗ ನಿನಗ ಹೇಳೀನಿ.

ಆಮ್ಯಾಲ ಬಿರಡಿ ಹೋಗಿ ತಿರುವೋ ಮುಚ್ಚಳ ಬಂದ್ವು, ರೈಲು ಹೋಗಿ ಲಾರಿ ಬಂದ್ವು, ಮೈಸೂರು ಹೋಗಿ ಕರ್ನಾಟಕ ಆಯ್ತು. ಡಾಕ್ಟರು ಬಾಣಂತಿಗಿ ವೈನ್ ಬರದು ಕೊಡೋದು ಬಿಟ್ಟು ಮಾತ್ರಿ ಬರೀಲಿಕತ್ತಿದ್ರು. ಬಾಜೂ ಬಾಗಿಲಿಗಿ ಯಾರೂ ಬರದಂಗಾದ್ರು. ಖರೆ ಹೇಳಬೇಕಂದ್ರ ಮಾತ್ರಿ ಬರೋ ಎಷ್ಟೋ ಮೊದಲೇ ಅದು ನಿಂತುಹೋಗಿತ್ತು. ಭೋಂಗಾದಾಗ ಹೆಸರು ಬಂದ ಬಾಗಿಲಿಗಿ ಯಾವ ಹೆಣ್ಣುಮಗಳು ಬರ್ತಾಳ?

ಇಷ್ಟಕ್ಕ ನಿಂದ್ರಿಸಿದ್ರ ಇದು ಚೊಲೋ ಕತಿ ಆಗ್ತದ. ಬಾಣಂತಿ ಉಳದಳು, ಲೈಸನ್ಸ್ ಉಳೀತು. ಊರಾಗ ಎಲ್ಲರಿಗೂ ಇಷ್ಟೇ ಗೊತ್ತದ. ನಿಮ್ಮವ್ವಗೂ ಇಷ್ಟೇ ಹೇಳೀನಿ.

ಭೋಂಗಾ ಸಾರಿದ ಮರುದಿನ, ಶನಿವಾರ ಮುಂಜಾನಿ, ಬೀಗ ಹಾಕಿದ ಅಂಗಡಿ ಮುಂದಿನ ಕಟ್ಟಿ ಮ್ಯಾಲ ಕುಂತಿದ್ದೆ. ಒಂದು ಹುಡುಗಿ ಬಂದಳು. ಇಪ್ಪತ್ತು ಇಪ್ಪತ್ತೆರಡು ಇರಬೇಕು. ತಲಿ ಮ್ಯಾಲ ಸೆರಗಿದ್ದಿಲ್ಲ. ಕೈಯಾಗ ಒಂದು ಗಂಟು, ಬಗಲಾಗ ಸೀರಿ ತುಂಡಿನಾಗ ಸುತ್ತಿದ ಬಾಟ್ಲಿ. ಮಾರಿ ಗುರುತು ಸಿಗಲಿಲ್ಲ, ಕೈ ಸಿಕ್ಕಿತು, ಹೆಬ್ಬೆರಳ ಮ್ಯಾಲ ಹಚ್ಚಿ ಹಾಕಿಸಿದ್ದಳು. ಮೂರನೇ ಬಾಟ್ಲಿದಾಕಿ. ರಸ್ತಾದಾಗ ಗಂಡಸರು ನಿಂತು ನೋಡಲಿಕತ್ತಿದ್ರು, ಆಕಿ ಅವರ ಕಡಿ ತಿರುಗಿ ಸುದ್ದಾ ನೋಡಲಿಲ್ಲ. ಬಾಟ್ಲಿ ಕಟ್ಟಿ ಮ್ಯಾಲ ಇಟ್ಟಳು. ಮೊಹರು ಒಡದಿತ್ತು, ಮ್ಯಾಲಿನ ಒಂದೀಟು ಕಮ್ಮಿ ಇತ್ತು.

"ಹೋದ ತಿಂಗಳ ನನ್ನ ಮೂರು ತಿಂಗಳಿಂದು ಬಸರು ಹೋಯ್ತು ಅಕ್ಕ" ಅಂದಳು. "ಮೊದಲೇ ಎರಡು ಹೋಗ್ಯಾವ. ಇದೂ ಹೋದ್ರ ಮಗನಿಗಿ ಬ್ಯಾರೆ ಲಗ್ನ ಮಾಡ್ತೀನಿ ಅಂದಿದ್ದಳು ನಮ್ಮ ಅತ್ತಿ. ಅದಕ್ಕ ಯಾರಿಗೂ ಹೇಳಿದ್ದಿಲ್ಲ. ಮೈಯಾಗ ರಕ್ತ ಬಂದ್ರ ಮತ್ತ ನಿಂದರಬಹುದು ಅಂತ ಕದ್ದು ಕುಡೀತಿದ್ದೆ. ನಿನ್ನೆ ಮುಂಜಾನಿನೂ ಕುಡದಿದ್ದೆ."

ಕಟ್ಟಿ ಮ್ಯಾಲ ಸರದು ಜಾಗಾ ಮಾಡಿದೆ, ಆಕಿ ಕುಂದರಲಿಲ್ಲ.

"ವಿಷ ಅದ ಅಂತ ಭೋಂಗಾದಾಗ ಕೂಗಿದ್ರು. ಸಾಯ್ತೀನಿ ಅಂತ ತಿಳದು ಅತ್ತಿ ಕಾಲು ಹಿಡದು ಎಲ್ಲಾ ಹೇಳಿಬಿಟ್ಟೆ. ದವಾಖಾನಿಗಿ ಒಯ್ರಿ, ಉಳಸ್ರಿ ಅಂದೆ." ಗಂಟು ಇನ್ನೊಂದು ಕೈಗಿ ತಗೊಂಡು, "ಸಾಯಲಿಲ್ಲ" ಅಂದಳು. "ಹೈದರಾಬಾದ ಲೈನಿನ ಕುರಕುಂಟಾಕ್ಕ ಹೊಂಟೀನಿ, ನಮ್ಮವ್ವನ ಮನಿಗಿ. ವಾಪಸ್ ಬರಬ್ಯಾಡ ಅಂದಾರ."

"ತಂಗಿ, ನಾ ಬಂದು ನಿಮ್ಮ ಅತ್ತಿಗಿ ಹೇಳ್ತೀನಿ, ಅದರಾಗ ಏನೂ ಇಲ್ಲ, ಚೊಲೋ ಔಷಧ ಅದ ಅಂತ..." ಅಂದೆ.

"ಇದು ಚೊಲೋದದ ಅಂತ ನಿನಗ ಯಾವಾಗ ಗೊತ್ತಾಯ್ತು ಅಕ್ಕ?"

"ನಿನ್ನೆ ಮಧ್ಯಾನ ಎರಡಕ್ಕ."

"ನಮ್ಮ ಓಣಿಗಿ ಟಾಂಗಾ ಬಂದಿದ್ದು ಐದಕ್ಕ" ಅಂದಳು.

ಗಂಟು ಬಗಲಿಗಿ ಹಾಕೊಂಡು, ಹೈದರಾಬಾದ ಗಾಡಿಗಿ ಹೊತ್ತಾಯ್ತು ಅಂತ ಸ್ಟೇಷನ್ ಕಡಿ ನಡದಳು.